ಒಗೆಯುವ ಕಲ್ಲಿನ ಜಾತಕ

ನಮ್ಮ ಅಪ್ಪನಿಗೆ ಎರಡು ಹುಟ್ಟಿದ ದಿನ. ಒಂದು ಜಾತಕದ್ದು. ಇನ್ನೊಂದು ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ಜೂನ್ 1. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರ್ತಾರೆ. ನಮ್ಮೂರು ಕುಮಟಾದ ಕಡೆಯ ಬಂಡೆಗಳದ್ದೂ ಇದೇ ಕತೆ ಅಂತ ನನಗೆ ತಿಳಿದದ್ದು ಬೆಂಗಳೂರಿಗೆ ಬಂದು ಎಷ್ಟೋ ವರ್ಷಗಳ ಮೇಲೆ.

ಊರಿಗೆ ಹೋಗುವಾಗ ಭಟ್ಕಳ ದಾಟಿ, ಶರಾವತಿ ಸೇತುವೆ, ಹೊನ್ನಾವರ, ಆಮೇಲೆ ಕುಮಟಾ. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದಲ್ಲೆಲ್ಲ ಮೇಲೆ ಕೆಂಪು ಚಿರೆಕಲ್ಲು, ಕೆಲವು ಕಡೆ ಅದರ ಅಡಿಯಲ್ಲಿ ಬೂದು ಬಣ್ಣದ ಗಟ್ಟಿ ಶಿಲೆ. ಆ ಬೂದು ಶಿಲೆಯೊಳಗೆ ಎರಡು ಗಡಿಯಾರಗಳಿವೆ.

ಗ್ರಾನೈಟ್ ಜಾತಿಯ ಶಿಲೆ ಕರಗಿದ ಸ್ಥಿತಿಯಿಂದ ಗಟ್ಟಿಯಾಗುವಾಗ ಜಿರ್ಕಾನ್ ಎಂಬ ಸಣ್ಣ ಹರಳುಗಳು ಮೂಡುತ್ತವೆ. ಇವು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಈಗ ಒಳಗೆ ಸಿಗುವ ಸೀಸ ಹೆಚ್ಚುಕಮ್ಮಿ ಯುರೇನಿಯಂ ಕೊಳೆತು ಆದದ್ದೇ. ಯುರೇನಿಯಂ-238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಎರಡನ್ನೂ ಅಳೆದು ಲೆಕ್ಕ ಹಾಕಿದರೆ ಹರಳಿನ ಜಾತಕ ಕೈಗೆ ಬರುತ್ತದೆ.

ಇನ್ನೊಂದು ಗಡಿಯಾರ ಕಾಗೆಬಂಗಾರದ್ದು. ಅದರಲ್ಲಿರುವ ಪೊಟ್ಯಾಸಿಯಂ-40 ನಿಧಾನಕ್ಕೆ ಆರ್ಗಾನ್ ಅನಿಲವಾಗುತ್ತದೆ. ಆದರೆ ಕಲ್ಲು ಚೆನ್ನಾಗಿ ಕಾದರೆ ಅನಿಲ ಸೋರಿಹೋಗಿ ಗಡಿಯಾರ ಸೊನ್ನೆಗೆ ಮರಳುತ್ತದೆ. ಅದು ಹೇಳುವುದು ಕೊನೆಯ ಸಲ ತಣಿದ ಕಾಲವನ್ನು. ಅಪ್ಪನ ಜೂನ್ 1 ಇದ್ದ ಹಾಗೆ.

2013ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಶ್ವರ್-ಕುಮಾರ್, ಸಜೀವ್ ಮತ್ತು ಸಂಗಡಿಗರು ಇಲ್ಲಿಯ ಲೆಕ್ಕ ಪ್ರಕಟಿಸಿದರು. ಕಾರವಾರದ ಕಡೆಯ ನೈಸ್ ಶಿಲೆಗೆ ಸುಮಾರು 320 ಕೋಟಿ ವರ್ಷ. ಕುಮಟಾ ಪಟ್ಟಿಯ ಶಿಲೆಗಳಲ್ಲಿನ ಕಾಗೆಬಂಗಾರಕ್ಕೆ ಮಾತ್ರ 130-140 ಕೋಟಿ! ಜೊತೆಗೆ ಈ ಶಿಲೆಗಳು ನೆಲದಾಳದ ಭಾರೀ ಒತ್ತಡ ಕಂಡುಬಂದ ಗುರುತುಗಳೂ ಇದ್ದವು. ಎರಡು ಭೂಖಂಡಗಳು ಡಿಕ್ಕಿ ಹೊಡೆದು, ಪರ್ವತ ಎದ್ದು, ಆ ಜಾಗದಲ್ಲಿ ಉಳಿದ ಬೆಸುಗೆಯೇ ಕುಮಟಾ ಪಟ್ಟಿ. ಅದರ ಮುಂದುವರಿಕೆ ಮಡಗಾಸ್ಕರ್‌ನಲ್ಲಿದೆ ಎಂದು ಅವರು ವಾದಿಸಿದರು. (ಬಸ್ಸಿನ ಕಿಟಕಿಯಿಂದ ಕಾಣುವ ಸಹ್ಯಾದ್ರಿ ಆ ಪರ್ವತ ಅಲ್ಲ. ಇದು ಎಷ್ಟೋ ಆಮೇಲಿನದು. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡದ್ದೇ ಸುಮಾರು 9 ಕೋಟಿ ವರ್ಷಗಳ ಹಿಂದೆ.)

ನಮ್ಮೂರಲ್ಲಿ ಹಿಮಾಲಯದಂಥದ್ದು ಇತ್ತು ಅಂತ ಆಫೀಸಿನಲ್ಲಿ ಬೀಗಿಕೊಂಡು ಓಡಾಡಿದ್ದೆ. 2018ರಲ್ಲಿ ಶೆರೀ ಆರ್ಮಿಸ್ಟೆಡ್ ತಂಡ ತಣ್ಣೀರೆರಚಿತು. ಕಾರವಾರ ಸುತ್ತಿನ ಜಿರ್ಕಾನ್ ಹರಳುಗಳನ್ನು ಅಳೆದರೆ 310 ಮತ್ತು 250 ಕೋಟಿ ವರ್ಷದವು ಹೆಚ್ಚು. ಇದು ಬೇರೆ ಭೂಖಂಡವೇ ಅಲ್ಲ, ಧಾರವಾಡ ನೆಲದ್ದೇ ಮುಂದುವರಿಕೆ ಎಂದರು. ಹಾಗಾದರೆ ಡಿಕ್ಕಿ ಯಾವುದಕ್ಕೆ ಯಾವುದು? ಕಾಗೆಬಂಗಾರದ ತಾರೀಖು ಸುಳ್ಳಾಗಿಲ್ಲ, ಅದರ ಹಿಂದಿನ ಕತೆ ಮಾತ್ರ ತಕರಾರಿನಲ್ಲಿದೆ. ನನಗೇನೋ ಎರಡನೆಯವರ ವಾದವೇ ಗಟ್ಟಿ ಅನ್ನಿಸುತ್ತದೆ, ಮನಸ್ಸು ಒಪ್ಪದಿದ್ದರೂ.

ತಕರಾರು ಬಗೆಹರಿಯಬೇಕಾದರೆ ಕಲ್ಲು ಇದ್ದಲ್ಲೇ ಇರಬೇಕು. ಕಡಿದ ಗುಡ್ಡದ್ದೆಲ್ಲ ಜಲ್ಲಿಯಾಗಿ ಯಾವ ಊರಿನ ರಸ್ತೆ ಸೇರಿತೋ. ಕಳೆದ ಮಳೆಗಾಲಕ್ಕೆ ಮುಂಚೆ, ವಾಷಿಂಗ್ ಮಷೀನ್ ಬಂತಲ್ಲ ಅಂತ, ನಮ್ಮ ಹಿತ್ತಲಿನ ಒಗೆಯುವ ಕಲ್ಲನ್ನೂ ಕ್ರಷರಿನವರಿಗೆ ಕೊಡುವ ಮಾತಾಯಿತು. ನಾನು ಫೋನಿನಲ್ಲೇ ಅರ್ಧ ಗಂಟೆ ಯುರೇನಿಯಂ ಪಾಠ ಮಾಡಿದೆ.

"ತಮಾ, ವಯಸ್ಸು ಎಷ್ಟಾದ್ರೂ ಇರಲಿ, ಕಂಬಳಿ ಮಷೀನಿನಲ್ಲಿ ಹಿಡಿಯೂದಿಲ್ಲ" ಅಂದಳು ಆಯಿ. ಕಲ್ಲು ಅಲ್ಲೇ ಇದೆ.