ತಲೆಹೊರೆ ಇಳಿಸಿದ ಊರು: ಉಡುಪಿ ಪುರಾಡಳಿತದ 90 ವರ್ಷ

ಉಡುಪಿ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಶ್ರೀಕೃಷ್ಣ ಮಠ, ಪರ್ಯಾಯ, ರಥಬೀದಿ. ಬ್ಯಾಂಕಿಂಗ್ ಬಲ್ಲವರಿಗೆ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ನೆನಪಾಗುತ್ತವೆ. ವಿದ್ಯಾರ್ಥಿಗಳಿಗೆ ಮಣಿಪಾಲ, ಮೀನುಗಾರರಿಗೆ ಮಲ್ಪೆ. ಈ ಊರಿಗೆ ಇನ್ನೊಂದು ಹಿರಿಮೆಯೂ ಉಂಟು. ಮನುಷ್ಯ ಮನುಷ್ಯನ ಮಲವನ್ನು ತಲೆಯ ಮೇಲೆ ಹೊರುವ ಅಮಾನವೀಯ ಪದ್ಧತಿಯನ್ನು ದೇಶದಲ್ಲೇ ಮೊದಲಿಗೆ ಕೈಬಿಟ್ಟ ಪುರಸಭೆ ಎಂಬ ಕೀರ್ತಿ ಉಡುಪಿಯದು. ನಮ್ಮ ಪುರಾಡಳಿತದ ಚರಿತ್ರೆ ಬರೆಯುವಾಗ ಮೊದಲ ಮರ್ಯಾದೆ ಸಲ್ಲಬೇಕಾದುದು ಆ ನಿರ್ಧಾರಕ್ಕೆ.

ನೆರೆಯ ಮಂಗಳೂರಿಗೆ 1866ರಲ್ಲೇ ಪುರಸಭೆ ಬಂದಿತ್ತು. ಉಡುಪಿ ಆ ಭಾಗ್ಯಕ್ಕೆ ಸುಮಾರು ಏಳು ದಶಕ ಕಾಯಬೇಕಾಯಿತು. ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1935ರಲ್ಲಿ, ಪುರಸಭೆ ಸ್ಥಾಪನೆಯಾಯಿತು. ಅದರ ಹಿಂದಿನ ವರ್ಷದ ಫೆಬ್ರವರಿಯಲ್ಲಿ ಗಾಂಧೀಜಿ ಉಡುಪಿಗೆ ಬಂದುಹೋಗಿದ್ದರು. ಅಸ್ಪೃಶ್ಯತೆಯ ವಿರುದ್ಧ ಅವರು ದೇಶವಿಡೀ ಸಂಚರಿಸುತ್ತಿದ್ದ ದಿನಗಳವು. ಊರಿನ ಕೊಳೆ ಎತ್ತುವವರ ಘನತೆಯ ಪ್ರಶ್ನೆ ಹೀಗೆ ಪುರಸಭೆ ಹುಟ್ಟುವ ಮುಂಚೆಯೇ ಇಲ್ಲಿಗೆ ಬಂದಿತ್ತು. ಅದಕ್ಕೆ ಉತ್ತರ ಸಿಗಲು ಮಾತ್ರ ಮೂರು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು.

ಪುಟ್ಟ ಊರಾದರೂ ಉಡುಪಿಯ ಪುರಸಭೆಗೆ ದೊಡ್ಡ ಊರಿನ ಹೊಣೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ರಥಬೀದಿಯತ್ತ ಪರ್ಯಾಯದ ಮೆರವಣಿಗೆ ಹೊರಡುವಾಗ, ಊರಿನ ಜನಸಂಖ್ಯೆಯನ್ನೂ ಮೀರಿಸುವಷ್ಟು ಜನ ಸೇರುತ್ತಾರೆ. ರಸ್ತೆ, ದೀಪ, ಕುಡಿಯುವ ನೀರು ಸಿದ್ಧವಿರಬೇಕು. ಬೆಳಗಾಗುವಷ್ಟರಲ್ಲಿ ಬೀದಿ ಗುಡಿಸಿ ಚೊಕ್ಕಟವಾಗಿರಬೇಕು. ಹಬ್ಬದ ಸಂಭ್ರಮದ ಹಿಂದೆ ದುಡಿಯುವ ಈ ಕೈಗಳು ಯಾವ ಫೋಟೊದಲ್ಲೂ ಕಾಣಿಸುವುದಿಲ್ಲ. ಕರಾವಳಿಯಲ್ಲಿ ಈ ಕೆಲಸ ಬಹುಕಾಲ ಕೊರಗರಂಥ ಅಂಚಿಗೆ ತಳ್ಳಲ್ಪಟ್ಟ ಸಮುದಾಯಗಳ ಪಾಲಿಗೆ ಜಾತಿಯ ಕಾರಣದಿಂದಲೇ ಬಂದದ್ದು.

1968ರ ಚುನಾವಣೆ ಊರಿನ ಇತಿಹಾಸಕ್ಕೆ ತಿರುವು ಕೊಟ್ಟಿತು. ಭಾರತೀಯ ಜನಸಂಘ ಪುರಸಭೆಯ ಅಧಿಕಾರ ಹಿಡಿಯಿತು. ದಕ್ಷಿಣ ಭಾರತದಲ್ಲಿ ಆ ಪಕ್ಷಕ್ಕೆ ದಕ್ಕಿದ ಮೊದಲ ಪುರಸಭೆ ಎಂದು ಉಡುಪಿ ಸುದ್ದಿಯಾಯಿತು. ಅಧ್ಯಕ್ಷರಾದವರು ಡಾ. ವಿ.ಎಸ್. ಆಚಾರ್ಯ. 1939ರಲ್ಲಿ ಉಡುಪಿಯಲ್ಲೇ ಹುಟ್ಟಿ, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಓದಿದ, ಇನ್ನೂ ಮೂವತ್ತು ತುಂಬದ ವೈದ್ಯರು. ರೋಗಿಯ ನಾಡಿ ಹಿಡಿದವರಿಗೆ ಕೊಳೆಗೂ ಕಾಯಿಲೆಗೂ ಇರುವ ನಂಟನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಲ ಹೊರುವ ಪದ್ಧತಿಯನ್ನು ನಿಲ್ಲಿಸುವುದು ಒಂದು ಠರಾವಿನಿಂದ ಮುಗಿಯುವ ಕೆಲಸವಲ್ಲ. ಮನೆಮನೆಯ ಹಿತ್ತಿಲಲ್ಲಿದ್ದ ಒಣ ಪಾಯಿಖಾನೆಗಳು ಹೋಗಿ ನೀರು ಸುರಿಯುವ ಶೌಚಾಲಯಗಳು ಬರಬೇಕು. ಅದಕ್ಕೆ ಮನೆಯ ಯಜಮಾನ ಒಪ್ಪಬೇಕು, ಖರ್ಚಿಗೆ ದಾರಿಯಾಗಬೇಕು, ಗುಂಡಿ ತೋಡುವಾಗ ಬಾವಿಯ ದೂರ ನೋಡಬೇಕು. ಆ ಕೆಲಸದಿಂದ ಬಿಡುಗಡೆಯಾದವರಿಗೆ ಬೇರೆ ದುಡಿಮೆಯೂ ಬೇಕು. ಇವೆಲ್ಲ ಕೂಡಿದರೆ ಮಾತ್ರ ತಲೆಯ ಮೇಲಿನ ಹೊರೆ ನಿಜವಾಗಿ ಕೆಳಗಿಳಿಯುತ್ತದೆ. 1970ರ ದಶಕದ ಆರಂಭದೊಳಗೆ ಉಡುಪಿ ಅದನ್ನು ಮಾಡಿ ತೋರಿಸಿತು. ಅದೇ ಕಾಲಕ್ಕೆ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಈ ಪದ್ಧತಿಯನ್ನು ಇಡೀ ರಾಜ್ಯದಲ್ಲಿ ನಿಷೇಧಿಸಿದರು. ಒಬ್ಬರು ಜನಸಂಘದವರು, ಇನ್ನೊಬ್ಬರು ಕಾಂಗ್ರೆಸ್ಸಿನ ದಲಿತ ನಾಯಕರು. ರಾಜಕೀಯವಾಗಿ ಎದುರುಬದುರಾದವರು ಮನುಷ್ಯ ಘನತೆಯ ವಿಷಯದಲ್ಲಿ ಒಂದೇ ದಾರಿ ಹಿಡಿದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ಉಡುಪಿ ಎಷ್ಟು ಮುಂದಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ.

ಆಚಾರ್ಯರು ಮುಂದೆ ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಕಂಡರು, 1983ರಲ್ಲಿ ಶಾಸಕರಾದರು, 2008ರಲ್ಲಿ ರಾಜ್ಯದ ಗೃಹ ಸಚಿವರಾದರು. 2012ರ ಫೆಬ್ರವರಿ 14ರಂದು, ಉನ್ನತ ಶಿಕ್ಷಣ ಸಚಿವರಾಗಿದ್ದಾಗಲೇ, ತೀರಿಕೊಂಡರು. ಏರಿದ ಪದವಿಗಳು ಹಲವು. ಆದರೆ ಅವರ ಬದುಕಿನ ಅತಿ ದೊಡ್ಡ ಕೆಲಸ ಪುರಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಮಾಡಿದ್ದೇ ಎಂಬುದು ನನ್ನ ದೃಢ ನಂಬಿಕೆ.

1995ರಲ್ಲಿ ಪುರಸಭೆ ನಗರಸಭೆಯಾಯಿತು. ಮಣಿಪಾಲದ ಗುಡ್ಡದಿಂದ ಮಲ್ಪೆಯ ಕಡಲತಡಿಯವರೆಗೆ, ಸುಮಾರು 68 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಬಂತು. 1997ರ ಆಗಸ್ಟ್ 25ರಂದು ಉಡುಪಿ ಜಿಲ್ಲೆ ಉದಯಿಸಿ, ಊರು ಜಿಲ್ಲಾ ಕೇಂದ್ರವಾಯಿತು. 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 1.25 ಲಕ್ಷ ದಾಟಿತ್ತು. 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಂವಿಧಾನದ ಬಲ ಕೊಟ್ಟಿತು, ಮಹಿಳೆಯರಿಗೆ ಬಾಗಿಲು ತೆರೆಯಿತು.

ಇಂದು ನಗರಸಭೆಯಲ್ಲಿ 35 ವಾರ್ಡುಗಳಿವೆ. 2018ರ ಚುನಾವಣೆಯಲ್ಲಿ ಬಿಜೆಪಿ 31, ಕಾಂಗ್ರೆಸ್ 4 ಸ್ಥಾನ ಪಡೆದವು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಹುದ್ದೆಗಳ ಮೀಸಲಾತಿಯ ವ್ಯಾಜ್ಯ ನ್ಯಾಯಾಲಯದಲ್ಲಿದ್ದುದರಿಂದ, ರಾಜ್ಯದ ಇತರ ಊರುಗಳಂತೆ ಇಲ್ಲಿಯೂ ಎರಡು ವರ್ಷ ಗದ್ದುಗೆ ಖಾಲಿ ಉಳಿಯಿತು. 2020ರಲ್ಲಿ ಸುಮಿತ್ರಾ ನಾಯಕ್, 2024ರಲ್ಲಿ ಪ್ರಭಾಕರ ಪೂಜಾರಿ ಅಧ್ಯಕ್ಷರಾದರು. ಮತ ಹಾಕಿದ ಜನ ತಮ್ಮ ಸದಸ್ಯರಿದ್ದೂ ಆಡಳಿತವಿಲ್ಲದೆ ಕಾಯಬೇಕಾದ ಆ ಎರಡು ವರ್ಷ, ಸ್ಥಳೀಯ ಸ್ವರಾಜ್ಯವನ್ನು ನಾವು ಎಷ್ಟು ಹಗುರವಾಗಿ ಕಾಣುತ್ತೇವೆ ಎಂಬುದನ್ನು ತೋರಿಸಿತು.

ಕೆಲಸವೇನೂ ಕಡಿಮೆಯಿಲ್ಲ. ಊರಿಗೆ ಕುಡಿಯುವ ನೀರು ಕೊಡುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟು. ಮಳೆಗಾಲದಲ್ಲಿ ಉಕ್ಕಿ ಹರಿಯುವ ಅದೇ ಹೊಳೆ ಏಪ್ರಿಲ್, ಮೇ ತಿಂಗಳಲ್ಲಿ ಬತ್ತಿದಾಗ ಸರದಿಯ ಮೇಲೆ ನೀರು ಬಿಡಬೇಕಾಗುತ್ತದೆ. 2019ರ ಬೇಸಿಗೆ ಅದನ್ನು ಕಟುವಾಗಿ ಕಲಿಸಿತು. ವಾರಾಹಿ ನದಿಯ ನೀರು ತರುವ ಯೋಜನೆಯ ಮೇಲೆ ಊರು ಆಸೆಯಿಟ್ಟಿದೆ. ಇತ್ತ ಮಣಿಪಾಲದಿಂದಿಳಿದು ಕಲ್ಸಂಕದ ಮೂಲಕ ಕಡಲಿನತ್ತ ಹರಿಯುವ ಇಂದ್ರಾಣಿ ಕೊಳಚೆ ನೀರಿನಿಂದ ಕಂಗೆಟ್ಟಿದೆ; ಅದರ ದಡದ ಬಾವಿಗಳೂ ಕೆಟ್ಟಿವೆ. ಅಲೆವೂರಿನ ಕರ್ವಾಲಿನಲ್ಲಿ ರಾಶಿ ಬೀಳುವ ಕಸ ನಗರದ್ದು, ಅದರ ವಾಸನೆ ಹಳ್ಳಿಯವರಿಗೆ. ಅಂದು ಕೊಳೆಯ ಹೊರೆ ಕೆಲವರ ತಲೆಯ ಮೇಲಿತ್ತು. ಇಂದು ಅದನ್ನು ಹೊಳೆಯ ಮೇಲೆ, ಪಕ್ಕದ ಊರಿನ ಮೇಲೆ ಹೇರಿದರೆ 1968ರ ತಲೆಮಾರಿನ ಪರಂಪರೆಗೆ ನಾವು ದ್ರೋಹ ಬಗೆದಂತೆ.

1935ರಲ್ಲಿ ಹುಟ್ಟಿದ ಸಂಸ್ಥೆಗೆ 2025ಕ್ಕೆ 90 ತುಂಬಿತು. ಶತಮಾನೋತ್ಸವಕ್ಕೆ ಉಳಿದದ್ದು ಒಂದೇ ದಶಕ. ಅಷ್ಟರೊಳಗೆ ಇಂದ್ರಾಣಿಯನ್ನು ಶುದ್ಧಗೊಳಿಸುವುದೇ ನಮ್ಮ ಗುರಿಯಾಗಲಿ. ನಗರಸಭೆಯ ಸದಸ್ಯರು ಪಕ್ಷ ಮರೆತು ಇದಕ್ಕೆ ಕೈಜೋಡಿಸಲಿ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆ ಒಂದು ಹಾರ, ಒಂದು ಭಾಷಣಕ್ಕೆ ನಿಲ್ಲದೆ ಅವರ ಕೆಲಸದ ಭದ್ರತೆ, ಆರೋಗ್ಯ, ಮಕ್ಕಳ ಓದಿನ ಚರ್ಚೆಗೆ ಮೀಸಲಾಗಲಿ. ಓದುಗರಾದ ನಾವು ಹಸಿ ಕಸ, ಒಣ ಕಸ ಬೇರ್ಪಡಿಸಿ ಕೊಡೋಣ, ಮನೆಯ ಕೊಳಚೆ ತೋಡಿಗೆ ಬೀಳದಂತೆ ನೋಡಿಕೊಳ್ಳೋಣ, ವಾರ್ಡಿನ ಸಭೆಗೆ ಹೋಗಿ ಲೆಕ್ಕ ಕೇಳೋಣ. ಊರು ಕಟ್ಟುವ ಕೆಲಸ 35 ಸದಸ್ಯರದಷ್ಟೇ ಅಲ್ಲ, ನಮ್ಮೆಲ್ಲರದು.