ವಿಜಯಾ ಮೆಹ್ತಾ: ರಂಗಭೂಮಿಯಿಂದ ಚಲನಚಿತ್ರ ನಿರ್ದೇಶನದವರೆಗೆ

ಭಾರತೀಯ ರಂಗಭೂಮಿಯ ಹಿರಿಯ ನಟಿ ಹಾಗೂ ನಿರ್ದೇಶಕಿಯರ ಸಾಲಿನಲ್ಲಿ ಶ್ರೀಮತಿ ವಿಜಯಾ ಮೆಹ್ತಾ ಅವರ ಹೆಸರು ಪ್ರಮುಖವಾದುದು. ಮರಾಠಿ ರಂಗಭೂಮಿಯಲ್ಲಿ ನಟಿಯಾಗಿ ಬೆಳೆದು, ನಾಟಕ ನಿರ್ದೇಶನದಲ್ಲಿ ಹೆಸರು ಗಳಿಸಿ, ನಂತರ ಚಲನಚಿತ್ರ ನಿರ್ದೇಶನಕ್ಕೆ ಕೈಹಾಕಿದ ಅವರು, ರಂಗಭೂಮಿಯಲ್ಲಿ ರೂಢಿಸಿಕೊಂಡ ಸಂಯಮವನ್ನೂ ಪಾತ್ರಗಳ ಒಳನೋಟವನ್ನೂ ತೆರೆಗೆ ತಂದರು.

ಜನನ ಮತ್ತು ರಂಗಪ್ರವೇಶ

ಇವರು 1934ರ ನವೆಂಬರ್ 4ರಂದು ಬರೋಡಾದಲ್ಲಿ ಜನಿಸಿದರು. ಮುಂಬಯಿಯಲ್ಲಿ ಇಬ್ರಾಹಿಂ ಅಲ್ಕಾಜಿ ಮತ್ತು ಆದಿ ಮರ್ಜಬಾನ್ ಅವರಲ್ಲಿ ರಂಗಶಿಕ್ಷಣ ಪಡೆದರು. 1960ರಲ್ಲಿ ನಾಟಕಕಾರ ವಿಜಯ ತೆಂಡೂಲ್ಕರ್, ನಟ ಅರವಿಂದ ದೇಶಪಾಂಡೆ ಮೊದಲಾದವರೊಡನೆ 'ರಂಗಾಯನ' ತಂಡವನ್ನು ಸ್ಥಾಪಿಸಿದರು. ಹೊಸ ನಾಟಕಕಾರರ ಕೃತಿಗಳಿಗೂ ಪಾಶ್ಚಾತ್ಯ ಪ್ರಯೋಗಗಳಿಗೂ ಈ ತಂಡವು ವೇದಿಕೆಯಾಯಿತು. ಚಿಂ. ತ್ರ್ಯಂ. ಖಾನೋಲ್ಕರ್ ಅವರ 'ಏಕ್ ಶೂನ್ಯ ಬಾಜೀರಾವ್' ಇವರ ಗಮನಾರ್ಹ ಪ್ರಯೋಗಗಳಲ್ಲೊಂದು.

ಕನ್ನಡದ ನಂಟು

ಗಿರೀಶ ಕಾರ್ನಾಡರ 'ಹಯವದನ'ವನ್ನು ಜರ್ಮನಿಯ ವೈಮಾರ್ ನಗರದ ರಾಷ್ಟ್ರೀಯ ರಂಗಮಂದಿರದ ವೃತ್ತಿಪರ ಕಲಾವಿದರಿಂದ ಜರ್ಮನ್ ಭಾಷೆಯಲ್ಲಿ ಆಡಿಸಿದ ಕೀರ್ತಿ ಇವರದು. 'ನಾಗಮಂಡಲ'ವನ್ನೂ ಜರ್ಮನ್ ರಂಗಕ್ಕೆ ತಂದರು. ಕನ್ನಡದ ಎರಡು ನಾಟಕಗಳು ಹೀಗೆ ಮರಾಠಿ ನಿರ್ದೇಶಕಿಯೊಬ್ಬರ ಮೂಲಕ ಯುರೋಪಿನ ಪ್ರೇಕ್ಷಕರನ್ನು ತಲುಪಿದುದು ಉಲ್ಲೇಖನೀಯ.

ತೆರೆಯ ಮೇಲೆ

ಶ್ಯಾಮ್ ಬೆನಗಲ್ ಅವರ 'ಕಲಿಯುಗ್' (1981) ಮತ್ತು ಗೋವಿಂದ ನಿಹಲಾನಿ ಅವರ 'ಪಾರ್ಟಿ' (1984) ಚಿತ್ರಗಳಲ್ಲಿ ಇವರು ಅಭಿನಯಿಸಿದರು. ಲಕ್ಷ್ಮೀಬಾಯಿ ಟಿಳಕ್ ಅವರ ಆತ್ಮಕಥೆ 'ಸ್ಮೃತಿಚಿತ್ರೆ'ಯನ್ನು ಕಿರುತೆರೆಗೆ ರೂಪಾಂತರಿಸಿ ನಿರ್ದೇಶಿಸಿದರು.

ರಂಗದ ಮೇಲೆ ತಾವೇ ನಿರ್ದೇಶಿಸಿದ್ದ ಜಯವಂತ ದಳವಿ ಅವರ 'ಬ್ಯಾರಿಸ್ಟರ್' ನಾಟಕವನ್ನು 'ರಾವ್ ಸಾಹೇಬ್' ಎಂಬ ಹೆಸರಿನಲ್ಲಿ ಚಲನಚಿತ್ರವಾಗಿಸಿದರು. ಇಂಗ್ಲೆಂಡಿನಲ್ಲಿ ಓದಿ ಸುಧಾರಣೆಯ ಮಾತನಾಡುವ ವಕೀಲನೊಬ್ಬ, ಯುವ ವಿಧವೆಯ ಕೈಹಿಡಿಯಬೇಕಾದ ಗಳಿಗೆಯಲ್ಲಿ ಧೈರ್ಯಗೆಡುವುದು ಇದರ ಕಥಾವಸ್ತು. ವಿಚಾರದಲ್ಲಿ ಬಂದ ಬದಲಾವಣೆಯು ಆಚರಣೆಗೆ ಇಳಿಯದಿದ್ದಾಗ ಅದರ ಬೆಲೆಯನ್ನು ತೆರುವವಳು ಹೆಣ್ಣು ಎಂಬುದನ್ನು ಚಿತ್ರವು ಘೋಷಣೆಗಳಿಲ್ಲದೆ ಮನಗಾಣಿಸುತ್ತದೆ. ವೈಧವ್ಯದ ಕಟ್ಟುಪಾಡಿನಲ್ಲೇ ಬಾಳು ಸವೆಸಿದ ಚಿಕ್ಕಮ್ಮನ ಪಾತ್ರವನ್ನು ವಿಜಯಾ ಮೆಹ್ತಾ ಅವರೇ ನಿರ್ವಹಿಸಿದರು. ಈ ಅಭಿನಯಕ್ಕಾಗಿ 33ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಪೋಷಕ ನಟಿ ಪುರಸ್ಕಾರ ಲಭಿಸಿತು.

ಕನ್ನಡದಲ್ಲಿಯೂ ಇದೇ ದಶಕದಲ್ಲಿ ರಂಗಭೂಮಿಯಿಂದ ಬಂದ ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿ 'ಫಣಿಯಮ್ಮ' ಚಿತ್ರವನ್ನು ನಿರ್ದೇಶಿಸಿದ್ದರು. ವಿಧವೆಯ ಬದುಕನ್ನು ಮಹಿಳೆಯರ ದೃಷ್ಟಿಯಿಂದ ಕಂಡ ಈ ಎರಡೂ ಚಿತ್ರಗಳು ಒಟ್ಟಿಗೆ ನೋಡತಕ್ಕವು.

ಪೆಸ್ತೋನ್‌ಜಿ

1988ರಲ್ಲಿ ತೆರೆಕಂಡ 'ಪೆಸ್ತೋನ್‌ಜಿ' ಚಿತ್ರವು ಬಿ.ಕೆ. ಕರಂಜಿಯಾ ಅವರ ಕಥೆಯನ್ನು ಆಧರಿಸಿದೆ. ಮುಂಬಯಿಯ ಪಾರ್ಸಿ ಸಮುದಾಯದ ಇಬ್ಬರು ಗೆಳೆಯರ ಸ್ನೇಹ ಮತ್ತು ಒಬ್ಬನ ಮೌನ ಪ್ರೇಮ ಇದರ ವಸ್ತು. ನಾಸಿರುದ್ದೀನ್ ಷಾ, ಅನುಪಮ್ ಖೇರ್ ಮತ್ತು ಶಬಾನಾ ಆಜ್ಮಿ ಮುಖ್ಯ ಪಾತ್ರಗಳಲ್ಲಿದ್ದರು. ಅತ್ಯುತ್ತಮ ಹಿಂದಿ ಚಿತ್ರಕ್ಕೆ ನೀಡುವ ರಾಷ್ಟ್ರಪ್ರಶಸ್ತಿಗೆ ಇದು ಪಾತ್ರವಾಯಿತು.

ಗೌರವ ಮತ್ತು ಸೇವೆ

• ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ (ನಿರ್ದೇಶನ) – 1975
• ಪದ್ಮಶ್ರೀ – 1987

ಮುಂಬಯಿಯ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿಯೂ ಇವರು ಸೇವೆ ಸಲ್ಲಿಸಿದರು. ಇವರ ಆತ್ಮಕಥನ 'ಝಿಮ್ಮಾ' 2012ರಲ್ಲಿ ಮರಾಠಿಯಲ್ಲಿ ಪ್ರಕಟವಾಯಿತು. ನಿರ್ದೇಶಿಸಿದ ಚಲನಚಿತ್ರಗಳ ಸಂಖ್ಯೆ ಕಡಿಮೆಯಾದರೂ, ನಟರನ್ನು ತಿದ್ದಿ ಬೆಳೆಸುವ ರಂಗಶಿಸ್ತು ತೆರೆಯ ಮೇಲೂ ಫಲ ನೀಡಬಲ್ಲದೆಂಬುದಕ್ಕೆ ಅವು ನಿದರ್ಶನಗಳಾಗಿವೆ.