ತೇರು, ರೈಲು, ನೂರು ಮೀಟರು

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ತುಮಕೂರಿನ ಕಡೆ ಹೊರಡುವ ರಾಷ್ಟ್ರೀಯ ಹೆದ್ದಾರಿ 73 ಬೇಲೂರು, ಹಳೇಬೀಡು, ಜಾವಗಲ್, ಬಾಣಾವರಗಳನ್ನು ದಾಟಿ ಅರಸೀಕೆರೆ ಮುಟ್ಟುತ್ತದೆ. ದಾರಿ ಒಂದೇ ಆದರೂ ಎಲ್ಲಿ ಕಟ್ಟಬಹುದು, ಎಲ್ಲಿ ಓಡಾಟಕ್ಕೆ ಜಾಗ ಬಿಡಬೇಕು ಎಂಬುದನ್ನು ಈ ಊರುಗಳಲ್ಲಿ ಬೇರೆ ಬೇರೆ ಯಜಮಾನರು ತೀರ್ಮಾನಿಸಿದ್ದಾರೆ. ಬೇಲೂರಿನಲ್ಲಿ ತೇರು, ಅರಸೀಕೆರೆಯಲ್ಲಿ ರೈಲು, ಹಳೇಬೀಡಿನಲ್ಲಿ ಪುರಾತತ್ವ ಇಲಾಖೆಯ ಅಳತೆ ಟೇಪು.

ಬೇಲೂರಿನಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹಾಳಾಗಿದ್ದ ಪೂರ್ವದ ಹೆಬ್ಬಾಗಿಲನ್ನು 1397ರಲ್ಲಿ, ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ, ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಗೋಪುರದ ಮುಂದಿನ ಬೀದಿ ಅಗಲವಾಗಿರುವುದಕ್ಕೆ ಕಾರಣ ಸರಳ: ಚೈತ್ರದಲ್ಲಿ ಅಲ್ಲಿ ತೇರು ಎಳೆಯಬೇಕು. ದೊಡ್ಡ ತೇರು ತಾನಾಗಿ ತಿರುಗುವುದಿಲ್ಲ. ಗಾಲಿಯ ಕೆಳಗೆ ಮರದ ತುಂಡು ಕೊಟ್ಟು, ಮಿಣಿ ಹಿಡಿದವರು ಒಂದು ಬದಿಗೆ ಜಗ್ಗಿ, ಇಂಚಿಂಚಾಗಿ ಮೂಲೆ ದಾಟಿಸಬೇಕು. ಅಲ್ಲಿ ಒಬ್ಬರ ಜಗಲಿಯೋ ಅಂಗಡಿಯ ಸಜ್ಜೆಯೋ ಒಂದು ಮೊಳ ಮುಂದೆ ಬಂದಿದ್ದರೆ ಊರಿಗೆ ಊರೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ತೇರುಬೀದಿಯುಳ್ಳ ಊರಿನಲ್ಲಿ ಒತ್ತುವರಿಯ ಸರ್ವೆ ಹೀಗೆ ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಮುಗಿಯುತ್ತದೆ. ನೋಟಿಸಿಗೆ ಹೆದರದವರೂ ತೇರಿಗೆ ದಾರಿ ಬಿಡುತ್ತಾರೆ.

ಆದರೆ ತೇರಿನ ಅಧಿಕಾರ ತೇರುಬೀದಿಗಷ್ಟೇ. ಅದರ ಆಚೆಯ ಸಂದಿಗಳಿಗೆ ಯಜಮಾನರಿಲ್ಲ.

ಅರಸೀಕೆರೆಗೂ ಹೊಯ್ಸಳರ ನಂಟು ಕಡಿಮೆಯದಲ್ಲ. ಅಲ್ಲಿನ ಈಶ್ವರ ದೇವಾಲಯ 1220ರದ್ದು. ಈಗಿನ ಊರಿನ ಆಕಾರ ಮಾತ್ರ ಹಳಿಯಿಂದ ಬಂದದ್ದು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಮಾರ್ಗ 1889ರಲ್ಲಿ ಹರಿಹರ ತಲುಪಿತು. ಅದರ ನಡುವೆ ಅರಸೀಕೆರೆ ಒಂದು ಸ್ಟೇಷನ್. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಅವಧಿಯಲ್ಲಿ ಮೈಸೂರಿನಿಂದ ಹಾಸನದ ಮೇಲೆ ಬಂದ ಹಳಿ ಇಲ್ಲಿ ಕೂಡಿಕೊಂಡಿತು, ಸ್ಟೇಷನ್ ಜಂಕ್ಷನ್ ಆಯಿತು. ಹಳಿ ಹಾಕಿದವರು ಇಳಿಜಾರನ್ನೂ ನೀರನ್ನೂ ನೋಡಿ ಗೆರೆ ಎಳೆದರು, ಪೇಟೆ ಆ ಗೆರೆಯನ್ನು ಹಿಡಿದು ಬೆಳೆಯಿತು. ಊರು ಎರಡೂ ಬದಿಗೆ ಹಬ್ಬಿದ ಮೇಲೆ, ಹಳಿಯುಳ್ಳ ಎಲ್ಲ ಊರುಗಳಂತೆ, ದಾಟುವ ಜಾಗಗಳೇ ಊರಿನ ಕತ್ತು ಹಿಸುಕತೊಡಗಿದವು.

ತೆಂಗಿನ ಸೀಮೆಯ ಸರಕು ಈ ಹಿಸುಕಾಟಕ್ಕೆ ಸೇರಿಕೊಂಡಿತು. ಉಂಡೆ ಕೊಬ್ಬರಿಯ ಚೀಲ ಹೊತ್ತ ಗಾಡಿ ಪೇಟೆಯ ಮಂಡಿಯ ಮುಂದೆ ನಿಂತರೆ ಹಿಂದಿನ ಗಾಡಿಗೆ ದಾರಿ ಎಲ್ಲಿ? 1966ರ ಎಪಿಎಂಸಿ ಕಾಯ್ದೆಯನ್ನು ರೈತರಿಗೆ ನ್ಯಾಯದ ಬೆಲೆ ಸಿಗಲೆಂದು ತಂದದ್ದು ಎನ್ನುತ್ತೇವೆ, ನಿಜ. ಅದು ಸದ್ದಿಲ್ಲದೆ ಮಾಡಿದ ಇನ್ನೊಂದು ಕೆಲಸವೂ ಉಂಟು: ಹರಾಜು, ತೂಕ, ಗೋದಾಮು, ಲಾರಿ ಎಲ್ಲವನ್ನೂ ಕಾಂಪೌಂಡು ಹಾಕಿದ ಒಂದೇ ಯಾರ್ಡಿಗೆ ತಂದದ್ದು. ವಹಿವಾಟಿನ ಜಾಗ ಬದಲಿಸಿದರೆ ಸಂಚಾರವೂ ಬದಲಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಕಾನೂನು ರಾಜ್ಯದಲ್ಲಿ ಬಹಳಿಲ್ಲ.

ಇದನ್ನೇ ನೇರವಾಗಿ ಮಾಡಲೆಂದು ಬಂದದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಮಹಾಯೋಜನೆಯಲ್ಲಿ ರಸ್ತೆಯ ಅಗಲ ಗುರುತಿಸಬೇಕು, ಆ ಅಗಲ ನೋಡಿ ಎಷ್ಟು ಕಟ್ಟಬಹುದೆಂದು ಹೇಳಬೇಕು. ಕಾಗದದ ಮೇಲೆ ಚೊಕ್ಕವಾಗಿದೆ. ನೆಲದ ಮೇಲೆ, ತೆಂಗಿನ ತೋಟವನ್ನು ನಿವೇಶನಕ್ಕೆ ‘ಅಲಿನೇಷನ್’ ಮಾಡಿಕೊಡುವುದು 1964ರ ಭೂಕಂದಾಯ ಕಾಯ್ದೆಯಡಿ ಜಿಲ್ಲಾಧಿಕಾರಿ, ಬಡಾವಣೆಯ ನಕ್ಷೆ ಒಪ್ಪುವುದು ಯೋಜನಾ ಪ್ರಾಧಿಕಾರ, ಖಾತೆ ನಗರಸಭೆ, ಹೆದ್ದಾರಿ ಇನ್ನೊಂದು ಇಲಾಖೆ. ಬೈಪಾಸು ಬಂದ ಕೂಡಲೇ ಅದರ ಅಂಚಿಗೆ ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ, ಸೈಟುಗಳು ಬರುತ್ತವೆ. ಊರಿನ ಹೊರಗಿದ್ದ ದಾರಿ ಮತ್ತೆ ಊರಿನೊಳಗಾಗುತ್ತದೆ. ಇಂಗ್ಲೆಂಡಿನಲ್ಲಿ ಇದೇ ರೋಗಕ್ಕೆ 1935ರಲ್ಲೇ ಪ್ರತ್ಯೇಕ ಕಾನೂನು ಮಾಡಿ, ಮುಖ್ಯ ರಸ್ತೆಗಳ ಬದಿಗೆ ಸಾಲುಸಾಲಾಗಿ ಕಟ್ಟುವುದಕ್ಕೆ ತಡೆ ಹಾಕಿದ್ದರು.

ಹಳೇಬೀಡಿನ ಕಥೆ ತಿರುಗುಮುರುಗು. ಹೊಯ್ಸಳರ ರಾಜಧಾನಿ ದೋರಸಮುದ್ರ 1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ಸಿಕ್ಕಿತು, 14ನೇ ಶತಮಾನದಲ್ಲೇ ಕಳೆಗುಂದಿತು. ಉಳಿದದ್ದು ಕೆರೆ, ಗುಡಿ, ಬಸದಿ, ಕೋಟೆಯ ಅವಶೇಷ, ನಡುವೆ ಒಂದು ಸಣ್ಣ ಊರು. ಅಲ್ಲಿ ಕಟ್ಟುವ ಒತ್ತಡ ಹುಟ್ಟಿದ್ದೇ ಪ್ರವಾಸಿಗರಿಂದ. ಪುರಾತತ್ವ ಇಲಾಖೆಯ 1992ರ ಅಧಿಸೂಚನೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದಿತು. 2010ರ ತಿದ್ದುಪಡಿ ಅದನ್ನು ಸ್ಮಾರಕ ಸಂರಕ್ಷಣೆಯ ಕಾಯ್ದೆಯೊಳಕ್ಕೇ ತಂದು ಬಿಗಿ ಮಾಡಿತು. ಬೇಲೂರಿನಲ್ಲಿ ಈ ವೃತ್ತದೊಳಗೆ ಬೀಳುವುದು ಹೊಲವಲ್ಲ, ತಲೆಮಾರುಗಳಿಂದ ಜನ ಬಾಳಿದ ಮನೆಗಳು. ಅವರ ಗೊಣಗಾಟದಲ್ಲಿ ಸತ್ಯವಿದೆ: ನಿಯಮ ಗೋಡೆ ಏಳುವುದನ್ನು ತಡೆಯುತ್ತದೆ, ಬಸ್ಸು ಬರುವುದನ್ನಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದ ಮೇಲೆ ವಾಹನ ನಿಲ್ಲಿಸುವ ಜಾಗದ ಪ್ರಶ್ನೆ ಇನ್ನಷ್ಟು ಚೂಪಾಗಿದೆ.

ಬೇಲೂರಿನ ಮುಂದಿನ ಪರೀಕ್ಷೆ ಹಳಿಯದು. ಕಡೂರು–ಚಿಕ್ಕಮಗಳೂರು ರೈಲು 2013ರಲ್ಲಿ ಓಡಿತು. ಅದನ್ನು ಬೇಲೂರಿನ ಮೇಲೆ ಹಾಸನಕ್ಕೆ ಕೂಡಿಸುವ ಯೋಜನೆ ಕೈಯಲ್ಲಿದೆ. ಸ್ಟೇಷನ್ ರಸ್ತೆಯ ಅಗಲವನ್ನು ಸೈಟು ಹಂಚುವ ಮೊದಲೇ ಗುರುತಿಸಿಡುವ ಅವಕಾಶ ಅರಸೀಕೆರೆಗೆ ಸಿಗಲಿಲ್ಲ. ಬೇಲೂರಿಗೆ ಅದಿನ್ನೂ ಇದೆ.